ಸೋತವನಿಗೆ ತಡೆಯಾಜ್ಞೆ ಏಕೆ?

"ಅಪೀಲು ಹಾಕಿದ್ದೀವಲ್ಲ, ಇನ್ನು ಅವರು ಜಮೀನಿಗೆ ಕಾಲಿಡೋ ಹಾಗಿಲ್ಲ." ತಾಲ್ಲೂಕು ಕೋರ್ಟುಗಳ ಆವರಣದಲ್ಲಿ ಕಕ್ಷಿದಾರರು ಬಹಳ ಧೈರ್ಯದಿಂದ ಆಡುವ ಮಾತಿದು. ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶ, 5ನೇ ನಿಯಮದ ಪ್ರಕಾರ ಅಪೀಲು ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲದು. ಸ್ಟೇ ಬೇಕಾದವನು ಬೇರೆ ಅರ್ಜಿ ಹಾಕಬೇಕು. ತಡಮಾಡದೆ ಬಂದಿದ್ದೇನೆ, ಸ್ಟೇ ಸಿಗದಿದ್ದರೆ ಭಾರಿ ನಷ್ಟವಾಗುತ್ತದೆ ಎಂದು ತೋರಿಸಬೇಕು, ಭದ್ರತೆಯನ್ನೂ ಕೊಡಬೇಕು.

ದಾವೆಯೇ ವಜಾ ಆದವನ ಪಾಡು ಇನ್ನೂ ಕಷ್ಟ. ಅವನಿಗೆ ಮೊದಲು ಸಿಕ್ಕಿದ್ದ ತಾತ್ಕಾಲಿಕ ತಡೆಯಾಜ್ಞೆ ದಾವೆಯ ಜೊತೆಗೇ ಹೋಯಿತು. ವಜಾ ಆದ ದಾವೆಯಲ್ಲಿ ಖರ್ಚಿನ ಬಾಬತ್ತು ಬಿಟ್ಟರೆ ಅಮಲಿಗೆ ಬರುವಂಥದ್ದೇನೂ ಇರುವುದಿಲ್ಲ. ಹಾಗಾಗಿ ಡಿಕ್ರಿಗೆ ಸ್ಟೇ ತಂದರೂ ಪ್ರಯೋಜನವಿಲ್ಲ, ಮೇಲಿನ ಕೋರ್ಟಿನಲ್ಲಿ 39ನೇ ಆದೇಶದಡಿ ತಡೆಯಾಜ್ಞೆಯನ್ನು ಹೊಸದಾಗಿಯೇ ಕೇಳಬೇಕು. ಅದಕ್ಕೆ ಮೂರು ಪರೀಕ್ಷೆ: ಮೇಲ್ನೋಟಕ್ಕೆ ಹುರುಳಿರುವ ಪ್ರಕರಣ, ಎರಡೂ ಕಡೆಯ ಅನಾನುಕೂಲದ ತೂಕ, ತುಂಬಲಾಗದ ನಷ್ಟ. ಮೊದಲನೆಯದರಲ್ಲೇ ಅವನು ಎಡವುತ್ತಾನೆ. ಸಾಕ್ಷ್ಯವನ್ನೆಲ್ಲ ನೋಡಿದ ನ್ಯಾಯಾಧೀಶರೊಬ್ಬರು ಇಲ್ಲ ಎಂದ ಮೇಲೆ ಹುರುಳಿದೆ ಎನ್ನುವುದು ಹೇಗೆ?

ಅಪೀಲಿನ ಹಂತದಲ್ಲಿ ಮೂರನೆಯ ಪರೀಕ್ಷೆಗೇ ಹೆಚ್ಚು ತೂಕ ಸಿಗಬೇಕು ಎಂಬುದು ನನ್ನ ವಾದ. ಎದುರಾಳಿ ಜಮೀನು ಮಾರಿಬಿಡುತ್ತಾನೆ ಎಂಬ ಭಯ ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಆದರೆ ಸ್ವತ್ತು ವರ್ಗಾವಣೆ ಕಾಯಿದೆಯ 52ನೇ ಕಲಮಿನಂತೆ ವ್ಯಾಜ್ಯದ ನಡುವೆ ಕೊಂಡವನೂ ಕೊನೆಯ ತೀರ್ಪಿಗೆ ತಲೆಬಾಗಲೇಬೇಕು. ಡಿಕ್ರಿ ತಿರುಗಿಬಿದ್ದರೆ ಸ್ವಾಧೀನ ಮರಳಿಸಲು ಸಂಹಿತೆಯ 144ನೇ ಕಲಮು ಇದೆ. ಕಡಿದುಹಾಕಿದ ಹಳೆಯ ಅಡಿಕೆ ತೋಟವನ್ನು ಮಾತ್ರ ಯಾವ ಕಲಮೂ ಮರಳಿಸದು. ಗೆಲ್ಲುವ ಭರವಸೆ ಕಡಿಮೆಯಿದ್ದರೂ ಆ ತೋಟಕ್ಕೆ ರಕ್ಷಣೆ ಸಿಗಲಿ.

ಆದರೆ ಪುಕ್ಕಟೆಯಾಗಿ ಅಲ್ಲ. ಗೆದ್ದವನ ಕೈಯಲ್ಲಿ ಬರೀ ಕಾಗದ ಉಳಿಯುವುದಾದರೆ ಕೆಳ ಕೋರ್ಟಿನ ವಿಚಾರಣೆಗೆ ಅರ್ಥವೇನು? ಆತ್ಮಾ ರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ತೋರಿಸಿದೆ. ತೆರವಿನ ಡಿಕ್ರಿಗೆ ಸ್ಟೇ ಪಡೆದ ಬಾಡಿಗೆದಾರ ಹಳೆಯ ಪುಡಿಗಾಸು ಬಾಡಿಗೆ ಕೊಟ್ಟು ಕೂರುವಂತಿಲ್ಲ, ಡಿಕ್ರಿಯ ದಿನದಿಂದ ಆ ಸ್ವತ್ತಿಗೆ ಹೊರಗೆ ಬರುವಷ್ಟು ಹಣ ಕಟ್ಟಬೇಕೆಂದು ಷರತ್ತು ಹಾಕಬಹುದು. ಇಂಥ ಷರತ್ತು ಅಪವಾದವಾಗಬಾರದು, ವಾಡಿಕೆಯಾಗಬೇಕು. ಆರು ತಿಂಗಳಿಗೆ ಸ್ಟೇ ತಾನಾಗಿಯೇ ಬಿದ್ದುಹೋಗಲಿ ಎಂಬ 2018ರ ಸೂತ್ರವನ್ನು 2024ರಲ್ಲಿ ಐವರ ಸಂವಿಧಾನ ಪೀಠ ತಳ್ಳಿಹಾಕಿದ್ದು ಸರಿಯೇ. ಕೋರ್ಟಿನ ನಿಧಾನಕ್ಕೆ ಕಕ್ಷಿದಾರ ದಂಡ ತೆರುವುದು ಯಾವ ನ್ಯಾಯ?

ತುಂಬಲಾಗದ ನಷ್ಟ ಎರಡೂ ಕಡೆ ಇದ್ದರೆ ನನ್ನ ವಾದ ತೊಡಕಿಗೆ ಸಿಕ್ಕುತ್ತದೆ. ಕಾವೇರಿಯಲ್ಲಿ ಆದದ್ದು ಅದೇ. ನ್ಯಾಯಮಂಡಳಿಯ 2007ರ ಐತೀರ್ಪಿನ ಮೇಲಿನ ಅಪೀಲುಗಳು ಬಾಕಿಯಿದ್ದಾಗ, 2016ರ ಸೆಪ್ಟೆಂಬರ್ 5ರಂದು, ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ನೀರು ಬಿಡಲು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೇಳಿತು. ತಮಿಳುನಾಡಿನಲ್ಲಿ ಒಣಗುವ ಸಾಂಬಾ ಬೆಳೆ, ಇಲ್ಲಿ ಬರಿದಾಗುವ ಜಲಾಶಯ. ಹರಿದ ನೀರನ್ನು ಮರಳಿಸುವವರಿಲ್ಲ, ಒಣಗಿದ ಪೈರಿಗೂ ಅದೇ ಗತಿ. 2018ರ ಅಂತಿಮ ತೀರ್ಪು ಕರ್ನಾಟಕ ಬಿಡಬೇಕಾದ ಪಾಲನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಹಾಗೆಂದು ಹಿಂದಿನ ಮಧ್ಯಂತರ ಆದೇಶವೇ ತಪ್ಪೆನ್ನಲಾಗದು, ಅದು ಆ ಹೊತ್ತಿನ ಸಂಕಟಕ್ಕೆ ಕೊಟ್ಟ ಉತ್ತರ. ಅದಕ್ಕೆ ಹತ್ತು ದಿನದ ಗಡಿಯಿತ್ತು, ಒಂದೇ ವಾರದಲ್ಲಿ ಮರುಪರಿಶೀಲನೆಯಾಗಿ ಪ್ರಮಾಣ 12,000ಕ್ಕೆ ಇಳಿಯಿತು. ಅಡಿಕೆ ತೋಟದ ವ್ಯಾಜ್ಯದಲ್ಲೂ ಇಷ್ಟು ಸಾಧ್ಯ: ಕೆಲವೇ ವಾರಗಳ ಯಥಾಸ್ಥಿತಿ ಆದೇಶ, ಅದೇ ಹಾಳೆಯಲ್ಲಿ ಅಪೀಲಿನ ಅಂತಿಮ ವಿಚಾರಣೆಗೆ ದಿನಾಂಕ. ಸ್ಟೇ ಸಿಕ್ಕ ಮರುದಿನದಿಂದ ವಾಯಿದೆಯ ಮೇಲೆ ವಾಯಿದೆ ಕೇಳುವ ವಕೀಲರಿಗೆ ಇದು ಹಿಡಿಸಲಿಕ್ಕಿಲ್ಲ.