ಚೆನ್ನಾಗಿ ಕಾಣುವ ಕಣ್ಣು

ಅರವತ್ತು ದಾಟಿದ ಮೇಲೂ ನಮ್ಮ ಸೋದರಮಾವನಿಗೆ ದೂರದ ಬಸ್ಸಿನ ಬೋರ್ಡು ಎಲ್ಲರಿಗಿಂತ ಮೊದಲು ಕಾಣುತ್ತಿತ್ತು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. “ಒಮ್ಮೆ ಕಣ್ಣು ತೋರಿಸಿ ಮಾವ” ಎಂದರೆ, “ನನ್ನ ಕಣ್ಣಿಗೇನಾಗಿದೆಯೋ, ಸೂಜಿ ತಾ, ದಾರ ಪೋಣಿಸ್ತೀನಿ” ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಹಜಾರದ ಮೂಲೆಯಲ್ಲಿ ಜೇಡರ ಬಲೆ ಕಂಡು ಪೊರಕೆ ತಂದು ಗುಡಿಸಿದರು. ಬಲೆ ಹೋಗಲಿಲ್ಲ, ಅವರು ತಿರುಗಿದ ಕಡೆಗೆಲ್ಲ ಅದೂ ಬಂತು. ಎಡಗಣ್ಣಿನೊಳಗೆ ಸೋರಿದ ರಕ್ತದ ಎಳೆ ಅದು ಎಂದು ಗೊತ್ತಾದದ್ದು ಎರಡು ದಿನದ ಮೇಲೆ.

ಅಸಡ್ಡೆ ಎಂದು ಮನೆಯವರೆಲ್ಲ ಬೈದೆವು. ಈಗ ಯೋಚಿಸಿದರೆ ಅವರನ್ನು ದೂರುವುದು ಕಷ್ಟ. ಕಾಣುತ್ತಿದ್ದರೆ ಕಣ್ಣು ಸರಿಯಿದೆ ಎಂಬುದು ಪೊರೆ ನಮಗೆ ಕಲಿಸಿದ ಪಾಠ. ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲದಿಂದ ಈ ನಾಡಿಗೆ ಕಣ್ಣಿನ ಕಾಯಿಲೆ ಎಂದರೆ ಪೊರೆಯೇ: ಮಂಜಾದಾಗ ಹೋದರಾಯಿತು, ತೆಗೆಯುತ್ತಾರೆ, ಮತ್ತೆ ಕಾಣುತ್ತದೆ.

ಸಕ್ಕರೆಯ ವ್ಯವಹಾರವೇ ಬೇರೆ. ಕಣ್ಣಿನ ಹಿಂಬದಿಯ ಅಕ್ಷಿಪಟಲಕ್ಕೆ ರಕ್ತ ಒದಗಿಸುವ ನಾಳಗಳು ಕೂದಲಿಗಿಂತ ಸಪೂರ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಅವುಗಳ ಗೋಡೆ ಸಡಿಲಗೊಂಡು ಅಲ್ಲಲ್ಲಿ ಗುಳ್ಳೆಯಂತೆ ಉಬ್ಬುತ್ತದೆ, ಒಸರುತ್ತದೆ. ಕೆಲವು ನಾಳ ಕಟ್ಟಿಕೊಳ್ಳುತ್ತವೆ. ಇಷ್ಟಾದರೂ ನೋವಿಲ್ಲ, ಕೆಂಪಿಲ್ಲ. ಒಸರು ನಟ್ಟನಡುವಿನ ಮ್ಯಾಕ್ಯುಲಾ ಮುಟ್ಟುವವರೆಗೆ ಪೇಪರ್ ಓದುವುದಕ್ಕೂ ಅಡ್ಡಿಯಿಲ್ಲ. ರಕ್ತ ಸಿಗದೆ ಹಸಿದ ಭಾಗ ಹೊಸ ನಾಳ ಬೆಳೆಸಿಕೊಳ್ಳುತ್ತದೆ, ಅವೋ ಮುಟ್ಟಿದರೆ ಮುರಿಯುವಂಥವು. ಮಾವನ ಜೇಡರ ಬಲೆ ಬಂದದ್ದು ಅಲ್ಲಿಂದ. ಲೇಸರ್, ಕಣ್ಣೊಳಗೆ ಕೊಡುವ ಇಂಜೆಕ್ಷನ್, ಶಸ್ತ್ರಚಿಕಿತ್ಸೆ ಎಲ್ಲ ಇವೆ. ಸತ್ತುಹೋದ ಭಾಗಕ್ಕೆ ಮಾತ್ರ ಅವು ಜೀವ ಕೊಡಲಾರವು. (ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರ ಊದಿ ಕನ್ನಡಕದ ನಂಬರು ಬದಲಾಗುವುದೂ ಉಂಟು. ಎಷ್ಟೋ ಮಂದಿ ಹೊಸ ಕನ್ನಡಕ ಕೊಂಡು ಸಮಾಧಾನಪಡುತ್ತಾರೆ, ಅಂಗಡಿಯವರಿಗೂ ಸಂತೋಷ.)

ಸಕ್ಕರೆ ಹತೋಟಿಯಲ್ಲಿಟ್ಟರೆ ಸಾಕಲ್ಲವೇ ಎನ್ನಬಹುದು. ಟೈಪ್ 1 ರೋಗಿಗಳ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಿಗಿ ಹತೋಟಿಯಿಂದ ಅಕ್ಷಿಪಟಲದ ಈ ತೊಂದರೆ ಹೊಸದಾಗಿ ಶುರುವಾಗುವ ಅಪಾಯ ಶೇ. 76ರಷ್ಟು ತಗ್ಗಿತು. ದೊಡ್ಡ ಮಾತೇ. ಆದರೂ ತಗ್ಗುವುದು ಬೇರೆ, ಇಲ್ಲವಾಗುವುದು ಬೇರೆ. ಟೈಪ್ 2 ಅಂತೂ ಪತ್ತೆಯಾಗುವ ಮೊದಲೇ ವರ್ಷಗಟ್ಟಲೆ ಮೈಯಲ್ಲಿ ಅಡಗಿರಬಹುದು. ಹಾಗಾಗಿಯೇ ಅದು ಗೊತ್ತಾದ ಹೊತ್ತಿಗೇ ಕಣ್ಣನ್ನೂ ನೋಡಿಸಬೇಕು ಎನ್ನುವುದು.

ನೋಡಿಸುವುದೆಂದರೆ ಒಂದು ದಿನದ ಕೂಲಿ, ಜೊತೆಗೆ ಬಂದವರದ್ದೂ ಸೇರಿ ಎರಡು. ಹನಿ ಬಿಟ್ಟು ಪಾಪೆ ಹಿಗ್ಗಿಸಿದ ಮೇಲೆ ಕೆಲವು ತಾಸು ಬಿಸಿಲಿಗೆ ಕಣ್ಣು ಬಿಡಲಾಗದು, ಗಾಡಿ ಓಡಿಸುವಂತಿಲ್ಲ. ಏನೂ ನೋಯದವರು ಯಾಕೆ ಹೋಗುತ್ತಾರೆ? ಭಾರತದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ ಎಂದು 2023ರಲ್ಲಿ ಐಸಿಎಂಆರ್ ಅಧ್ಯಯನ ಅಂದಾಜಿಸಿತು. ಇಷ್ಟು ಜನರನ್ನು ಜಾಗೃತಿಯ ಪೋಸ್ಟರ್ ಒಂದೇ ಕಣ್ಣಾಸ್ಪತ್ರೆಗೆ ಕರೆತಂದೀತು ಎಂದು ನನಗನ್ನಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಮಧುಮೇಹಿಗಳನ್ನು ಹೆಸರು ಹಿಡಿದು ಕರೆದು ಕಣ್ಣಿನ ಫೋಟೊ ತೆಗೆಯುವ ಪದ್ಧತಿ ಬಂತು. ದುಡಿಯುವ ವಯಸ್ಸಿನವರ ಕುರುಡಿಗೆ ಕನಿಷ್ಠ ಐದು ದಶಕ ಮೊದಲ ಕಾರಣವಾಗಿದ್ದ ಅಕ್ಷಿಪಟಲದ ಈ ರೋಗ 2009–10ರ ಲೆಕ್ಕದಲ್ಲಿ ಆ ಸ್ಥಾನದಿಂದ ಇಳಿದಿತ್ತು. ಪಾಪೆ ಹಿಗ್ಗಿಸದೆಯೇ ಫೋಟೊ ತೆಗೆಯುವ ಕ್ಯಾಮೆರಾ ಈಗ ಇದೆ. ಅದನ್ನು ನಡೆಸಲು ಕಣ್ಣಿನ ಡಾಕ್ಟರೇ ಆಗಬೇಕಿಲ್ಲ.

ಅದು ಇರಬೇಕಾದ್ದು ಬೆರಳು ಚುಚ್ಚಿ ಸಕ್ಕರೆ ನೋಡುವ ಕೋಣೆಯಲ್ಲಿ. ಅಲ್ಲಿ ತೂಕ ನೋಡುತ್ತಾರೆ, ಬಿಪಿ ನೋಡುತ್ತಾರೆ. ಕಣ್ಣಿನ ವಿಷಯಕ್ಕೆ ಬಂದರೆ “ಕಣ್ಣಿನ ತಪಾಸಣೆ ಮಾಡಿಸಿ” ಎಂದು ಬರೆದುಕೊಡುತ್ತಾರೆ. ಮಾವನ ಫೈಲಿನಲ್ಲಿ ಆ ಸಾಲು ಮೂರು ಕಡೆ ಇತ್ತು. ಕಣ್ಣಾಸ್ಪತ್ರೆ ಅಲ್ಲಿಂದ ನಲವತ್ತು ಕಿಲೋಮೀಟರ್.