ಎರಡನೆಯ ಕೊಡದ ನೀರು

ಹೆಣ್ಣೊಬ್ಬಳು ಹೂಮರವಾಗುವ ಕನ್ನಡದ ಹಳೆಯ ಕಥೆಯೊಂದು ಹಿಂದಿಯ ಚಲಚ್ಚಿತ್ರವಾಗಿ ಹೊರಬಂದದ್ದು 1992ರಲ್ಲಿ. ಚಿತ್ರದ ಹೆಸರು ‘ಚೆಲುವಿ’. ನಿರ್ದೇಶಿಸಿದವರು ಗಿರೀಶ ಕಾರ್ನಾಡರು. ಪರಿಸರ ಸಂರಕ್ಷಣೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ಇಂಥ ಚಿತ್ರದ ಮಾತು ಬಂದಾಗ ಕನ್ನಡಿಗರಲ್ಲಿ ಎರಡು ಪಕ್ಷಗಳು ಏಳುವುದು ಸಹಜ. ನಾಡಿನ ಅಜ್ಜಿಕಥೆ ದೇಶದ ಕಣ್ಣಿಗೆ ಬಿದ್ದದ್ದೇ ಭಾಗ್ಯವೆಂದು ಹಿಗ್ಗುವುದು ಒಂದು ಪಕ್ಷ. ಕನ್ನಡದ ಸೊತ್ತು ಹಿಂದಿಯ ಬಾಯಲ್ಲಿ ಏಕೆ ನುಡಿಯಬೇಕೆಂದು ಮುನಿಯುವುದು ಇನ್ನೊಂದು. ಈ ಎರಡು ಪಕ್ಷಗಳೂ ಮುಖ್ಯವಾದ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಕಥೆ ಯಾವ ಭಾಷೆಗೆ ಹೋಯಿತೆಂಬುದಕ್ಕಿಂತ, ಹೋದ ಕಡೆ ಅದಕ್ಕೆ ಏನಾಯಿತೆಂಬುದು ವಿಚಾರಾರ್ಹವಾದ ಸಂಗತಿ.

ಕಥೆಯ ಸಾರವಿಷ್ಟು. ಬಡತಾಯಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟವನ್ನು ನೋಡಲಾರದೆ ಅವರಲ್ಲೊಬ್ಬಳು ಮರವಾಗಿ ಹೂ ಕೊಡಲು ಮನಸ್ಸು ಮಾಡುತ್ತಾಳೆ. ಉಗುರು ಸೋಕದಂತೆ ತಂದ ನೀರಿನ ಎರಡು ಕೊಡಗಳು ಬೇಕು. ಮೊದಲನೆಯ ಕೊಡದ ನೀರನ್ನು ಹೊಯ್ದರೆ ಅವಳು ಮರವಾಗುವಳು. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿಕೊಳ್ಳತಕ್ಕದ್ದು. ಎರಡನೆಯ ಕೊಡದ ನೀರನ್ನು ಹೊಯ್ದರೆ ಮರಳಿ ಹೆಣ್ಣಾಗುವಳು. ಹೂವಿನ ಸುಳಿವು ಹಿಡಿದು ರಾಜಕುಮಾರನು ಅವಳನ್ನು ಮದುವೆಯಾಗುತ್ತಾನೆ. ಅವನ ತಂಗಿ ಈ ಗುಟ್ಟನ್ನು ಕಂಡು, ಗೆಳತಿಯರೊಡನೆ ಅವಳನ್ನು ತೋಪಿಗೆ ಕರೆದೊಯ್ದು, ಬೇಡವೆಂದರೂ ಬಿಡದೆ ಮರವಾಗಿಸಿ, ಕೊಂಬೆರೆಂಬೆಗಳನ್ನು ಮುರಿದು, ಎರಡನೆಯ ಕೊಡದ ನೀರನ್ನು ಮನಬಂದಂತೆ ಚೆಲ್ಲಿ ಓಡಿಹೋಗುತ್ತಾಳೆ. ಕೈಯಿಲ್ಲದ, ಕಾಲಿಲ್ಲದ ಮುಂಡವೊಂದು ಉಳಿಯುತ್ತದೆ. ಹತ್ತಿಯ ಗಾಡಿಯವರು ಅದನ್ನು ಎತ್ತಿಕೊಂಡು ಹೋಗಿ ಬೇರೊಂದು ಊರಿನಲ್ಲಿ ಬಿಡುತ್ತಾರೆ. ಆ ಊರು ರಾಜಕುಮಾರನ ಅಕ್ಕನನ್ನು ಕೊಟ್ಟ ಊರು. ಹೆಂಡತಿಯನ್ನು ಹುಡುಕುತ್ತ ಭಿಕಾರಿಯಾಗಿ ಅಲೆದ ಗಂಡನು ಕೊನೆಗೆ ಅಲ್ಲಿಗೆ ಬರುತ್ತಾನೆ. ಅವಳ ಗುರುತು ಹಿಡಿಯುತ್ತಾನೆ. ಏನು ಮಾಡಬೇಕೆಂದು ಅವಳೇ ಹೇಳುತ್ತಾಳೆ. ಅವನು ಅವಳನ್ನು ಮರವಾಗಿಸಿ, ಮುರಿದ ಕೊಂಬೆಯನ್ನು ಕಟ್ಟಿ, ಹರಿದ ಎಲೆಯನ್ನು ಸರಿಪಡಿಸಿ, ಎರಡನೆಯ ಕೊಡದ ನೀರನ್ನು ಹೊಯ್ಯುತ್ತಾನೆ. ಅವಳು ಮೈತುಂಬ ಹೆಣ್ಣಾಗಿ ಎದ್ದು ನಿಲ್ಲುತ್ತಾಳೆ.

ಈ ಕಥೆಯನ್ನು ಕನ್ನಡನಾಡಿನಲ್ಲಿ ಹಲವು ಪಾಠಗಳಲ್ಲಿ ಸಂಗ್ರಹಿಸಿ ಇಂಗ್ಲಿಷಿನ ಮೂಲಕ ಲೋಕಕ್ಕೆ ತಿಳಿಸಿದವರು ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ನರು. ಇದನ್ನು ಹೆಂಗಸಿನ ಕಥೆಯೆಂದೇ ಕರೆದು ಅವರು ಪ್ರಬಂಧ ಬರೆದರು. ಅವರು ತೀರಿಕೊಂಡದ್ದು 1993ರಲ್ಲಿ. 1997ರಲ್ಲಿ ಹೊರಬಂದ ಅವರ ಕಥಾಸಂಗ್ರಹಕ್ಕೆ ಹೆಸರು ಕೊಟ್ಟದ್ದೂ ಈ ಹೂಮರವೇ.

ಚಲಚ್ಚಿತ್ರವು ಈ ಕಥೆಯನ್ನು ಬಹು ದೂರ ನಿಷ್ಠೆಯಿಂದ ಅನುಸರಿಸುತ್ತದೆ. ಸೋನಾಲಿ ಕುಲಕರ್ಣಿಯವರ ಮೊದಲ ಅಭಿನಯದಲ್ಲಿರುವ ಮುಗ್ಧತೆ, ಭಾಸ್ಕರ ಚಂದಾವರ್ಕರರ ಸಂಗೀತ, ಹಸುರನ್ನು ಹಿಡಿದ ಛಾಯಾಗ್ರಹಣ ಇವುಗಳ ಗುಣವನ್ನು ಅಲ್ಲಗಳೆಯುವುದು ಮತ್ಸರವಾದೀತು. ರಾಜಕುಮಾರನ ಬದಲು ಊರಗೌಡನ ಮಗನನ್ನು ತಂದದ್ದೂ ದೋಷವಲ್ಲ. ಅಜ್ಜಿಯರೂ ರಾಜನನ್ನು ತಮ್ಮ ಊರಿನ ಗೌಡನಂತೆಯೇ ಕಲ್ಪಿಸಿಕೊಂಡು ಹೇಳುತ್ತಾರೆ. ದೋಷವಿರುವುದು ಕೊನೆಯಲ್ಲಿ. ಮುಂಡವಾದ ಚೆಲುವಿ ತನ್ನ ಮುರಿದ ಕೊಂಬೆಗಳನ್ನು ತರಬೇಕೆಂದು ಗಂಡನನ್ನು ಬೇಡುತ್ತಾಳೆ. ಆದರೆ ಅಷ್ಟರಲ್ಲಿ ಕಾಡೇ ಕೊಡಲಿಗೆ ತುತ್ತಾಗಿರುತ್ತದೆ. ಅವಳು ಮರಳಿ ಹೆಣ್ಣಾಗುವುದಿಲ್ಲ. ಎರಡನೆಯ ಕೊಡದ ನೀರು ಚಿತ್ರದಲ್ಲಿ ಕೊನೆಗೂ ಅವಳ ಮೈಗೆ ಬೀಳುವುದಿಲ್ಲ.

ಇಲ್ಲಿ ಚಿತ್ರದ ಪಕ್ಷಪಾತಿಗಳು ಹೇಳಬಹುದಾದ ಸಮಾಧಾನ ಸ್ಪಷ್ಟವಾಗಿದೆ. ಕಡಿದ ಕಾಡು ಮಂತ್ರದ ನೀರಿನಿಂದ ಮೇಲೇಳುವುದಿಲ್ಲ. ನೋಡುವವರ ಕಣ್ಣು ತೆರೆಯಬೇಕಾದರೆ ಸುಖಾಂತವನ್ನು ಬಿಡಲೇಬೇಕು. ಅದೇ ಕಾಲಧರ್ಮ ಎಂದು. ಈ ಮಾತಿನ ತೂಕವನ್ನು ಕೊಳ್ಳೇಗಾಲ, ಹನೂರುಗಳ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿತ್ರ ತಯಾರಾದ ಕಾಲದಲ್ಲೇ ಮಹದೇಶ್ವರಬೆಟ್ಟದ ಸುತ್ತಿನ ಕಾಡುಗಳಲ್ಲಿ ಗಂಧದ ಮರಗಳು ಕಳ್ಳರ ಪಾಲಾಗುತ್ತಿದ್ದವು. ವೀರಪ್ಪನ್ ಸತ್ತ 2004ರವರೆಗೆ ಒಂದು ಕಡೆ ಅವನ ಬಂದೂಕು, ಇನ್ನೊಂದು ಕಡೆ ಪೊಲೀಸರ ಬಂದೂಕು, ನಡುವೆ ಕಾಡಿನ ಜನ ಎಂಬ ಸ್ಥಿತಿ ನಡೆಯಿತು. ಕಾಡು ಹೋಗುವುದೆಂದರೇನೆಂದು ಅವರು ಬಲ್ಲರು.

ಬಲ್ಲವರಾದ್ದರಿಂದಲೇ ಆ ಸಮಾಧಾನ ಅವರಿಗೆ ಸಾಲದು. ಕಡಿದದ್ದು ಹೋಯಿತು ಎಂಬ ಸತ್ಯವನ್ನು ಹೇಳಲು ಕಥೆಯೇ ಬೇಕಿಲ್ಲ. ಅದು ಕೊಡಲಿಗೂ ಗೊತ್ತು. ಹೋದ ಮೇಲೆ ಉಳಿದವರು ಮಾಡತಕ್ಕದ್ದೇನು ಎಂಬುದೇ ಕಥೆಯ ಪ್ರಶ್ನೆ. ಅಜ್ಜಿಯ ಕಥೆಯಲ್ಲಿ ಬರುವ ಸುಖ ಬಿಟ್ಟಿಯ ಸುಖವಲ್ಲ. ಮೊದಲು ಹೂವಿನ ಹಾಸಿಗೆಯ ಆಸೆಗಾಗಿ ಅವಳನ್ನು ಮರವಾಗಿಸಿದ ಗಂಡನು, ಕೊನೆಗೆ ಹೂವಿನ ಆಸೆಯನ್ನು ಬಿಟ್ಟು ಕೊಂಬೆ ಕಟ್ಟುವುದನ್ನು ಕಲಿಯುತ್ತಾನೆ. ಅದಕ್ಕೆ ಮೊದಲು ಭಿಕ್ಷೆ ಬೇಡುತ್ತಾನೆ, ಅಲೆಯುತ್ತಾನೆ. ಹೆಣ್ಣು ಹೇಳಿದಂತೆ ಗಂಡು ಕೈಯಾರೆ ದುಡಿದು ತೀರಿಸುವ ಋಣ ಅದು. ಈ ಭಾಗವನ್ನು ಕಿತ್ತೊಗೆದರೆ ಗಂಡನು ಅಳುವುದೊಂದನ್ನು ಬಿಟ್ಟು ಬೇರೇನೂ ಮಾಡಬೇಕಾಗಿಲ್ಲ. ನೋಡುವವನೂ ಅಳುತ್ತಾನೆ, ಮನೆಗೆ ಹೋಗುತ್ತಾನೆ. ಕಣ್ಣೀರು ಸುರಿಸಿದವನಿಗೆ ಕೊಂಬೆ ಕಟ್ಟುವ ಕೆಲಸ ತಪ್ಪಿತು. ಮುಂಡವಾಗಿ ಉಳಿದವಳು ಹೆಣ್ಣು. ಕಾಡಿನ ಪಾಠಕ್ಕಾಗಿ ಅವಳನ್ನು ಬಲಿಕೊಟ್ಟಂತಾಯಿತು. ಪ್ರಶಸ್ತಿ ಕೊಟ್ಟವರಿಗೆ ಮರ ಕಂಡಿತು, ಮರದೊಳಗಿನ ಹೆಣ್ಣು ಕಾಣಲಿಲ್ಲ ಎಂದರೆ ತಪ್ಪೇನು?

ಆಶ್ಚರ್ಯವೆಂದರೆ, ಕಥೆಯ ಕೊನೆಯ ಬೆಲೆ ಏನೆಂಬುದನ್ನು ಕಾರ್ನಾಡರಷ್ಟು ಬಲ್ಲವರು ವಿರಳ. ರಾಮಾನುಜನ್ನರಿಂದಲೇ ಕೇಳಿದ ಕಥೆಗಳಿಂದ ಅವರು ರಚಿಸಿದ ‘ನಾಗಮಂಡಲ’ ನಾಟಕದಲ್ಲಿ, ಕಥೆ ಮುಗಿದ ರೀತಿ ಕೇಳುತ್ತಿದ್ದ ದೀಪದ ಜ್ಯೋತಿಗಳಿಗೆ ಒಪ್ಪಿಗೆಯಾಗುವುದಿಲ್ಲ. ಅವು ತಕರಾರು ಹೂಡಿದ ಮೇಲೆ ಕೊನೆ ಬದಲಾಗಿ, ನಾಗನಿಗೆ ರಾಣಿಯ ಮುಡಿಯಲ್ಲಿ ನೆಲೆ ಸಿಗುತ್ತದೆ. ಸರ್ಪಕ್ಕೆ ಇಷ್ಟು ದಯೆ ತೋರಿದ ಕೈ, ಚೆಲುವಿಗೆ ಒಂದು ಕೊಡ ನೀರನ್ನು ಹೊಯ್ಯದೆ ಹೋದದ್ದು ಸೋಜಿಗವಲ್ಲವೇ? ತಕರಾರು ಮಾಡುವ ಜ್ಯೋತಿಗಳು ಚಿತ್ರಮಂದಿರದಲ್ಲಿ ಇರಲಿಲ್ಲವೆಂದು ತೋರುತ್ತದೆ.

ಇನ್ನು ಭಾಷೆಯ ಆಕ್ಷೇಪಣೆ. 1956ರವರೆಗೆ ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿದ್ದೂ ಕನ್ನಡವನ್ನು ಬಿಡದ ಕೊಳ್ಳೇಗಾಲದಲ್ಲಿ ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ಅದು ಗುರಿ ತಪ್ಪಿದ ಬಾಣ. ಅಮೆರಿಕದ ಜಾನ್ ಆಡಮ್ಸ್ ಎಂಬ ಸಂಗೀತಗಾರನು ಇದೇ ಕಥೆಯನ್ನು ಗೀತನಾಟಕವಾಗಿಸಿ 2006ರಲ್ಲಿ ವಿಯೆನ್ನಾ ನಗರದಲ್ಲಿ ಪ್ರಯೋಗಿಸಿದನು. ಅಲ್ಲಿ ಪಾತ್ರಗಳು ಇಂಗ್ಲಿಷಿನಲ್ಲಿ ಹಾಡುತ್ತವೆ, ಮೇಳ ಸ್ಪ್ಯಾನಿಷ್ ಭಾಷೆಯಲ್ಲಿ ಹಾಡುತ್ತದೆ. ಕನ್ನಡದ ಸೋಂಕೇ ಇಲ್ಲ. ಆದರೂ ಅಲ್ಲಿ ಹೆಣ್ಣು ಮರಳಿ ಹೆಣ್ಣಾಗುತ್ತಾಳೆ. ಪರದೇಶದವನು ಉಳಿಸಿದ್ದನ್ನು ಮನೆಯವರು ಕಳೆದರೆಂದ ಮೇಲೆ, ಹಿಂದಿಯ ಮೇಲೆ ತಪ್ಪು ಹೊರಿಸುವುದು ಹೇಗೆ? ರಾಜಸ್ಥಾನದ ವಿಜಯದಾನ ದೇಥಾ ಅವರ ಕಥೆಯೂ ಇದಕ್ಕೆ ಸಾಕ್ಷಿ. ಅದರಲ್ಲಿ ಹೆಣ್ಣನ್ನು ಮೆಚ್ಚಿ ಗಂಡನ ರೂಪ ತಾಳಿದ ಭೂತವು ಚರ್ಮದ ಚೀಲದಲ್ಲಿ ಸಿಕ್ಕಿ ಹಾಳಾಗುತ್ತದೆ, ಹೆಣ್ಣಿಗೆ ದುಃಖವೇ ಗತಿಯಾಗುತ್ತದೆ. ಅದೇ ಕಥೆ 2005ರಲ್ಲಿ ‘ಪಹೇಲಿ’ ಎಂಬ ಹಿಂದಿ ಚಿತ್ರವಾದಾಗ ಭೂತವೇ ಗಂಡನ ಮೈಹೊಕ್ಕು ಸಂಸಾರ ಸುಖವಾಯಿತು. ಒಂದು ಕಡೆ ದುಃಖವನ್ನು ಅಳಿಸಿದರು, ಇನ್ನೊಂದು ಕಡೆ ಸುಖವನ್ನು ಅಳಿಸಿದರು. ಹೇಳಿದ ಬಾಯಿಗೆ ತನ್ನದೇ ವಿವೇಕವಿತ್ತೆಂಬುದನ್ನು ಎರಡು ಕಡೆಯೂ ಮರೆತರು.

ಆ ವಿವೇಕ ಎಂಥದೆಂದು ತಿಳಿಯಬೇಕಾದವರು ಈ ಸೀಮೆಗೆ ಬರಬಹುದು. ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲೆಂಬುದುಂಟು. ಕಾಡಿಗೆ ಹೊರಟ ನೀಲೇಗೌಡನು ಹೆಂಡತಿಯ ನಡತೆಗೆ ಭಾಷೆ ಕೇಳುತ್ತಾನೆ; ಅವಳು ಒಪ್ಪದಿದ್ದಾಗ ಮಾಟದಿಂದ ಕಟ್ಟಿಹಾಕಿ ಹಿಂಸಿಸಿ ಹೋಗುತ್ತಾನೆ. ಹಾಡುವವರು ಅವಳ ನೋವನ್ನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಆದರೆ ಅವಳನ್ನು ಕಟ್ಟಿನಲ್ಲೇ ಬಿಟ್ಟು ತಾಳ ಕೆಳಗಿಡುವುದೂ ಇಲ್ಲ. ಮಾದೇಶ್ವರನು ಬಂದು ಕಟ್ಟು ಬಿಚ್ಚಲೇಬೇಕು. ಕಾರಯ್ಯ ಬಿಲ್ಲಯ್ಯರು ಹುಟ್ಟಲೇಬೇಕು. ಗಂಡನು ಒಡ್ಡಿದ ಪರೀಕ್ಷೆಗಳನ್ನು ಅವಳು ಗೆಲ್ಲಲೇಬೇಕು. ನೊಂದವರನ್ನು ನಡುವೆ ಕೈಬಿಡುವ ಹಾಡನ್ನು ಈ ಜನ ಹಾಡೆಂದು ಬಗೆದಿಲ್ಲ.

ಮರದ ವಿಷಯದಲ್ಲಿಯೂ ಹಾಗೆಯೇ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ದೊಡ್ಡಸಂಪಿಗೆಯೆಂಬ ಮಹಾವೃಕ್ಷವಿದೆ. ಸೋಲಿಗರಿಗೆ ಅದು ದೇವರು. ಅದನ್ನು ಕಾಯ್ದವರು ಕಾಡಿನಿಂದ ದೂರ ನಿಂತು ಕಂಬನಿ ಮಿಡಿದವರಲ್ಲ. ಅದೇ ಕಾಡಿನಲ್ಲಿ ಜೇನು ತೆಗೆದು, ನೆಲ್ಲಿಕಾಯಿ ಕೊಯ್ದು ಬದುಕಿದವರು. ಚಿಗುರು ಮುರಿಯದೆ ಹೂ ಬಿಡಿಸುವ ವಿದ್ಯೆ ಅವರಿಗೆ ಕಥೆಯಲ್ಲ, ಹೊಟ್ಟೆಪಾಡು. 2011ರಲ್ಲಿ ಆ ಕಾಡು ಹುಲಿಗಳ ರಕ್ಷಿತಾರಣ್ಯವೆಂದು ಘೋಷಿತವಾಯಿತು. ಅದೇ ವರ್ಷ ಸೋಲಿಗರ ಸಮುದಾಯಕ್ಕೆ ಅರಣ್ಯದ ಹಕ್ಕುಗಳೂ ದೊರೆತವು. ಮನುಷ್ಯನ ಕೈ ಸೋಕಿದರೆ ಕಾಡು ಕೆಡುವುದೆಂಬ ವಾದವೂ, ಸೋಕುವ ರೀತಿಯನ್ನು ಬಲ್ಲ ಕೈಯಿಂದಲೇ ಕಾಡು ಉಳಿಯುವುದೆಂಬ ವಾದವೂ ಅಲ್ಲಿ ಎದುರುಬದುರಾಗಿ ನಿಂತಿವೆ. ಎರಡು ಕೊಡಗಳ ಕಥೆ ಯಾವ ಪಕ್ಷಕ್ಕೆ ಸೇರಿದ್ದೆಂದು ವಾಚಕರೇ ನಿರ್ಣಯಿಸಲಿ. ಅದರಲ್ಲಿ ಮುರಿಯುವುದೂ ಕೈ, ಕಟ್ಟುವುದೂ ಕೈ. ಚಲಚ್ಚಿತ್ರವು ಮೊದಲನೆಯ ಕೈಯನ್ನು ಉಳಿಸಿಕೊಂಡು ಎರಡನೆಯದನ್ನು ಕತ್ತರಿಸಿತು.

ಹಾಗಾದರೆ ಜಾನಪದ ಕಥೆಯನ್ನು ಯಾರೂ ಬದಲಿಸಕೂಡದೆ? ಹಾಗೆಂದರೆ ಅಜ್ಜಿಯರೇ ಮೊದಲ ಅಪರಾಧಿಗಳಾದಾರು. ಒಬ್ಬಳು ಹೇಳಿದಂತೆ ಇನ್ನೊಬ್ಬಳು ಹೇಳಿದ್ದಿಲ್ಲ. ಆದರೆ ಅಜ್ಜಿಯ ಬದಲಾವಣೆಗೆ ಪಕ್ಕದ ಮನೆಯ ಅಜ್ಜಿಯ ಪಾಠ ಎದುರುತ್ತರವಾಗಿರುತ್ತಿತ್ತು. ಚಲಚ್ಚಿತ್ರಕ್ಕೆ ಎದುರುತ್ತರವಿಲ್ಲ. ಅದು ಒಮ್ಮೆ ಅಚ್ಚಾದರೆ, ಕಥೆಯನ್ನು ಬಾಯಿಂದ ಕೇಳದೆ ಬೆಳೆದ ಮಕ್ಕಳಿಗೆ ಅದೇ ಮೂಲವಾಗುತ್ತದೆ. ತಮ್ಮ ಅಜ್ಜಿಯ ಕಥೆ ಮುಂಡದಲ್ಲಿ ಮುಗಿಯುತ್ತದೆಂದೇ ಅವರು ನಂಬುತ್ತಾರೆ.

ಇದಕ್ಕೆ ಮದ್ದು ಚಿತ್ರವನ್ನು ಬೈಯುವುದಲ್ಲ, ಪಾಠಗಳನ್ನು ಹೆಚ್ಚಿಸುವುದು. ಪಿ. ಕೆ. ರಾಜಶೇಖರ ಅವರು ಮಲೆಯ ಮಾದೇಶ್ವರನ ಕಾವ್ಯವನ್ನು ಗಾಯಕರ ಬಾಯಿಂದ ಬರೆದುಕೊಂಡು ಅಚ್ಚು ಹಾಕಿಸಿದ್ದರಿಂದ, ಇಂದು ಯಾರು ಅದನ್ನು ಹೇಗೆ ತಿರುಚಿದರೂ ತೋರಿಸಲು ಕೈಯಲ್ಲೊಂದು ಪುಸ್ತಕವಿದೆ. ಆದರೆ ಅದು ಗುಡ್ಡರ ಕಾವ್ಯ, ದೇವರ ಕಾವ್ಯ, ಜಾತ್ರೆಯಲ್ಲಿ ಕೇಳುವಂಥದು. ಹೆಂಗಸರು ಅಡಿಗೆಯ ಮನೆಯಲ್ಲಿ, ಮಕ್ಕಳಿಗೆ ತುತ್ತಿಡುತ್ತ ಹೇಳುವ ಕಥೆಗೆ ಜಾತ್ರೆಯಿಲ್ಲ, ತಂಬೂರಿಯಿಲ್ಲ, ಬರೆದುಕೊಳ್ಳುವವರು ಕಡಿಮೆ. ಜಿಲ್ಲೆಯ ಸಾಹಿತ್ಯಾಭಿಮಾನಿಗಳು ಕೊಳ್ಳೇಗಾಲ, ಹನೂರು, ಯಳಂದೂರುಗಳ ಮನೆಮನೆಗೆ ಹೋಗಿ, ಹೇಳಿದವಳ ಮಾತನ್ನು ಅವಳ ನುಡಿಯಲ್ಲೇ, ಅವಳು ಮುಗಿಸಿದಂತೆಯೇ ಬರೆದಿಡಬೇಕು. ಆಮೇಲೆ ಹಿಂದಿಯವರು ಬೇಕಾದರೆ ಒಯ್ಯಲಿ, ವಿಯೆನ್ನಾದವರು ಒಯ್ಯಲಿ. ಎರಡನೆಯ ಕೊಡವನ್ನು ತುಂಬಿಟ್ಟಿದ್ದರಲ್ಲವೇ, ಮುರಿದದ್ದು ತಿರುಗಿ ಬಂದಾಗ ಅದರ ಮೇಲೆ ಹೊಯ್ಯಲು ನೀರಿರುವುದು?