ಆಮೇಲೆ ಏನು ಮಾಡ್ತಾರೆ?

ಹೂಟಗಳ್ಳಿಯ ನಮ್ಮ ಹೌಸಿಂಗ್ ಬೋರ್ಡ್ ಕಾಲೋನಿಯಲ್ಲಿ ಸಂಜೆ ಜನರಲ್ ಶಿಫ್ಟಿನ ಬಸ್ಸುಗಳು ಬಂದು ಹೋದ ಮೇಲೆ ಖಾಲಿ ಸೈಟೊಂದರಲ್ಲಿ ವಾಲಿಬಾಲ್ ಶುರುವಾಗುತ್ತದೆ. ಎರಡು ಕಬ್ಬಿಣದ ಪೈಪು, ಒಂದು ಹರಿದ ನೆಟ್, ಸುಣ್ಣದಲ್ಲಿ ಎಳೆದ ಗೆರೆ. ಆಡುವವರಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಆರಡಿ ಮೂರಂಗುಲ ಇದ್ದಾನೆ. ಅವನು ಎಗರಿ ಸ್ಮ್ಯಾಷ್ ಹೊಡೆದರೆ ಎದುರಿನವರು ಕೈ ಒಡ್ಡುವುದಿಲ್ಲ, ಪಕ್ಕಕ್ಕೆ ಸರಿಯುತ್ತಾರೆ. ಮೊನ್ನೆ ಅವನ ತಾಯಿ ನಮ್ಮ ಗೇಟಿನ ಹತ್ತಿರ ನಿಂತು ಕೇಳಿದರು: "ಸಾರ್, ಇವನು ಓದು ಬಿಟ್ಟು ವಾಲಿಬಾಲೇ ಆಡ್ತೀನಿ ಅಂತ ಕೂತಿದಾನೆ. ಇಂಡಿಯಾ ಟೀಮಿಗೆ ಆಡಿದವರು ಆಮೇಲೆ ಏನು ಮಾಡ್ತಾರೆ?"

ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆಕೆ ಪದಕದ ಬಗ್ಗೆ ಕೇಳಲಿಲ್ಲ. "ಆಮೇಲೆ"ಯ ಬಗ್ಗೆ ಕೇಳಿದರು. ನಮ್ಮ ಸನ್ಮಾನ ಸಮಾರಂಭಗಳ ಭಾಷಣದಲ್ಲಿ ಈ ಶಬ್ದ ಬಂದದ್ದನ್ನು ನಾನು ಕೇಳಿಲ್ಲ.

ಇಂಥ ಮಾತು ಬಂದಾಗ ಕ್ರಿಕೆಟ್ಟನ್ನು ಬೈದು ಕೈ ತೊಳೆದುಕೊಳ್ಳುವುದು ನಮ್ಮ ಅಭ್ಯಾಸ. ನಾನೂ ಸಾಕಷ್ಟು ಬೈದಿದ್ದೇನೆ. ಆದರೆ 2011ರಲ್ಲಿ ಶುರುವಾದ ಇಂಡಿಯನ್ ವಾಲಿ ಲೀಗ್ ಒಂದೇ ವರ್ಷಕ್ಕೆ ಕಣ್ಣು ಮುಚ್ಚಿದ್ದಕ್ಕೆ ಕ್ರಿಕೆಟ್ ಏನು ಮಾಡೀತು? 2019ರ ಪ್ರೊ ವಾಲಿಬಾಲ್ ಲೀಗ್ ಕೂಡ ಒಂದೇ ಸೀಸನ್ನಿಗೆ ನಿಂತಿತು. ಫೆಡರೇಷನ್ನಿಗೂ ಲೀಗ್ ನಡೆಸಿದ ಕಂಪನಿಗೂ ಜಗಳ ಹತ್ತಿತು. ಅವರು ಕೋರ್ಟಿಗೆ ಹೋದರು, ಆಟಗಾರರು ಮನೆಗೆ ಹೋದರು. 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಬಂತು. ಮೊದಲ ವರ್ಷ ಗೆದ್ದ ಕೋಲ್ಕತ್ತಾ ತಂಡದ ನಾಯಕ ನಮ್ಮ ಕರ್ನಾಟಕದ ಅಶ್ವಲ್ ರೈ. 2025ರಲ್ಲಿ ಬೆಂಗಳೂರಿನ ತಂಡವೇ ಗೆದ್ದಿತು. ಸಂತೋಷ, ಚಪ್ಪಾಳೆ ಹೊಡೆಯೋಣ. ಆದರೆ ಒಂದು ಸೀಸನ್ ಎಂದರೆ ಒಂದು ತಿಂಗಳ ಆಸುಪಾಸು. ಮೂರನೆಯ ಸೀಸನ್ 2024ರ ಮಾರ್ಚಿನಲ್ಲಿ ಮುಗಿದರೆ ನಾಲ್ಕನೆಯದು ಶುರುವಾಗಲು 2025ರ ಅಕ್ಟೋಬರ್ ಬರಬೇಕಾಯಿತು. ನಡುವಿನ ಒಂದೂವರೆ ವರ್ಷ ಅಕ್ಕಿ ಬೇಳೆಗೆ ಏನು ಮಾಡಬೇಕು?

ಇದಕ್ಕೆ ನಮ್ಮ ದೇಶ ಕಂಡುಕೊಂಡ ಉತ್ತರ ಸ್ಪೋರ್ಟ್ಸ್ ಕೋಟಾ. ರೈಲ್ವೆ, ಸೈನ್ಯ, ಪೊಲೀಸ್, ಬ್ಯಾಂಕು, ಕೇರಳದ ವಿದ್ಯುತ್ ಮಂಡಳಿ ಇವೇ ನಮ್ಮ ವಾಲಿಬಾಲನ್ನು ಸಾಕಿಕೊಂಡು ಬಂದಿವೆ. ಅವು ಇಲ್ಲದಿದ್ದರೆ ಈ ಆಟ ಯಾವತ್ತೋ ಮಣ್ಣಾಗುತ್ತಿತ್ತು. ಆ ಋಣವನ್ನು ಮರೆತು ಮಾತಾಡಬಾರದು. ಆದರೆ ಕೋಟಾದ ಒಳಗಿನ ಬದುಕನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಾನು ದುಡಿದ ಕಾರ್ಖಾನೆಗೆ (ಹೆಸರು ಬೇಡ) ರಾಜ್ಯ ತಂಡಕ್ಕೆ ಆಡಿದವನೊಬ್ಬ ಕೋಟಾದಲ್ಲಿ ಬಂದ. ಸ್ಟೋರ್ಸಿನಲ್ಲಿ ಕುರ್ಚಿ ಕೊಟ್ಟರು. ಹಾಜರಿ ಪುಸ್ತಕದಲ್ಲಿ ಅವನ ಸಹಿಗಿಂತ "ಆನ್ ಡ್ಯೂಟಿ"ಯೇ ಹೆಚ್ಚು ಎಂದು ನಾವೆಲ್ಲ ನಗುತ್ತಿದ್ದೆವು. ಕ್ಯಾಂಟೀನಿನಲ್ಲಿ ಅವನು ಬಂದರೆ "ಬಂದ್ರಪ್ಪ ಅತಿಥಿಗಳು" ಎಂದವನು ನಾನೇ. ಒಮ್ಮೆ ಕಾರ್ಖಾನೆಯ ಪರವಾಗಿಯೇ ಆಡುವಾಗ ಬ್ಲಾಕ್ ಮಾಡಿ ಇಳಿಯುವಾಗ ಅವನ ಮೊಣಕಾಲು ತಿರುಚಿತು. ಅದೇ ವರ್ಷ ಪ್ರೆಸ್ ಶಾಪಿನಲ್ಲಿ ಇನ್ನೊಬ್ಬನ ಎರಡು ಬೆರಳು ಹೋದವು. ಬೆರಳು ಕಳೆದುಕೊಂಡವನಿಗೆ ಇಎಸ್‌ಐನಿಂದ ತಿಂಗಳು ತಿಂಗಳು ಹಣ ಬರತೊಡಗಿತು. ಅದು ಯಾರ ಔದಾರ್ಯವೂ ಅಲ್ಲ, 1948ರ ಕಾನೂನು ಕೊಟ್ಟ ಹಕ್ಕು. ಮೊಣಕಾಲಿನವನಿಗೆ ಅದು ಸಿಗಲಿಲ್ಲ. ಪೆಟ್ಟು "ಕೆಲಸದ ಮೇಲೆ" ಆದದ್ದಲ್ಲ ಎಂದರು. ಅವನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಆ ಮೊಣಕಾಲಿಗಾಗಿ! ಆಟ ನಿಂತಿತು. ಅವನಿಗಿಂತ ಹಿಂದೆ ಬಂದವರಿಗೆ ಬಡ್ತಿ ಸಿಕ್ಕಿತು. ಅವನು ನಿವೃತ್ತಿಯವರೆಗೆ ಕುಂಟುತ್ತಾ ಬೋಲ್ಟು ನಟ್ಟು ಎಣಿಸಿದ.

ಆಟವನ್ನು ಪ್ರೀತಿಯಿಂದ ಆಡಬೇಕು, ದುಡ್ಡಿಗಾಗಿ ಅಲ್ಲ ಎಂದು ಉಪದೇಶ ಮಾಡುವವರು ನಮ್ಮಲ್ಲಿ ಬಹಳ. ಜಿಮ್ಮಿ ಜಾರ್ಜ್‌ಗೆ ಪ್ರೀತಿ ಕಡಿಮೆ ಇತ್ತೇ? ಕೇರಳ ಪೊಲೀಸ್‌ನಲ್ಲಿದ್ದ ಆತ 1979ರಲ್ಲಿ ಅಬುಧಾಬಿಗೆ, 1982ರಲ್ಲಿ ಇಟಲಿಗೆ ಹೋದರು. ಅಲ್ಲಿ ವಾಲಿಬಾಲ್ ಆಡುವುದೇ ಒಂದು ಉದ್ಯೋಗವಾಗಿತ್ತು. 1987ರ ನವೆಂಬರಿನಲ್ಲಿ ಅಲ್ಲೇ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ವರ್ಷ. ಅದರ ಹಿಂದಿನ ವರ್ಷ ಸೋಲ್ ಏಷ್ಯಾಡಿನಲ್ಲಿ ಅವರಿದ್ದ ತಂಡ ಕಂಚು ಗೆದ್ದಿತ್ತು. ಅಲ್ಲಿಂದ 2023ರ ಹಾಂಗ್‌ಝೌವರೆಗೆ ಏಷ್ಯಾಡ್ ವಾಲಿಬಾಲಿನಲ್ಲಿ ನಮಗೆ ಇನ್ನೊಂದು ಪದಕ ಬರಲಿಲ್ಲ.

ಪ್ರತಿಭೆ ಇಲ್ಲ ಅನ್ನುತ್ತೀರಾ? ಆ ಹಾಂಗ್‌ಝೌನಲ್ಲೇ ನಮ್ಮ ಹುಡುಗರು ದಕ್ಷಿಣ ಕೊರಿಯಾವನ್ನು 3-2ರಿಂದ ಸೋಲಿಸಿದರು. ಕೊರಿಯಾದಲ್ಲಿ 2005ರಿಂದ ವೃತ್ತಿಪರ ಲೀಗ್ ನಿಲ್ಲದೆ ನಡೆದಿದೆ. ಒಂದು ದಿನ ಅಂಥವರನ್ನು ಸೋಲಿಸಬಹುದು. ಕೊನೆಯವರೆಗೆ ನಿಲ್ಲಲು ವರ್ಷಪೂರ್ತಿಯ ಆಟ ಬೇಕು. ನಾವು ಆರನೆಯವರಾಗಿ ಹಿಂದಿರುಗಿದೆವು. 1986ರ ಕಂಚಿನ ತಂಡದಲ್ಲಿದ್ದ ರೈಲ್ವೆಯ ಪಿ.ವಿ. ರಮಣ ಅವರ ಹೆಂಡತಿಯೂ ವಾಲಿಬಾಲ್ ಆಟಗಾರ್ತಿ. ಮಗಳು ಸಿಂಧು ಮಾತ್ರ ಗೋಪಿಚಂದ್ ಗೆಲುವು ಕಂಡು ಶಟಲ್ ಬ್ಯಾಟ್ ಹಿಡಿದಳು. ತಪ್ಪೇನಿಲ್ಲ. ನಮ್ಮ ಕಾಲೋನಿಯ ಹುಡುಗ ಕಂಡು ಆಸೆಪಡುವಂಥ ಬದುಕು ವಾಲಿಬಾಲಿನಲ್ಲಿ ಯಾರದ್ದಿದೆ, ತೋರಿಸಿ.

ನಾನು ಕೇಳುವುದು ದಾನವನ್ನಲ್ಲ. ಆಟವೂ ದುಡಿಮೆಯೇ ಎಂದು ಒಪ್ಪಿಕೊಳ್ಳಿ. ತಿಂಗಳಿನದ್ದಲ್ಲ, ವರ್ಷದ ಕರಾರು ಬರೆಯಿರಿ. ಅಂಕಣದಲ್ಲಿ ಮುರಿದ ಮೂಳೆಯನ್ನು ಶಾಪಿನಲ್ಲಿ ಮುರಿದ ಮೂಳೆಯಂತೆಯೇ ಲೆಕ್ಕ ಹಾಕಿ. ಫೆಡರೇಷನ್ನಿನ ಜಗಳಕ್ಕೆ ಪಂದ್ಯಗಳನ್ನು ಬಲಿ ಕೊಡಬೇಡಿ. ಆಡುತ್ತಿರುವಾಗಲೇ ಕೋಚಿಂಗ್ ತರಬೇತಿಯನ್ನೋ ಇನ್ನೊಂದು ಕಸುಬನ್ನೋ ಕಲಿಸಿ. ಹಣ ಎಲ್ಲಿದೆ ಎನ್ನಬೇಡಿ. ದೊಡ್ಡ ಕಂಪನಿಗಳು ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯಿದೆ ಹೇಳುತ್ತದೆ. ಕ್ರೀಡಾ ತರಬೇತಿಯೂ ಆ ಪಟ್ಟಿಯಲ್ಲಿದೆ. ಇಷ್ಟೊಂದು ಕಾರ್ಖಾನೆಗಳಿರುವ ಹೂಟಗಳ್ಳಿಯಲ್ಲಿ ಹುಡುಗರು ಹರಿದ ನೆಟ್ಟಿಗೆ ಗಂಟು ಹಾಕಿಕೊಂಡು ಆಡುವುದನ್ನು ನೋಡಿದರೆ ನನಗೆ ನಾಚಿಕೆಯಾಗುತ್ತದೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಓದು ಬಿಡಿಸಬೇಡಿ ತಾಯಿ, ಆಟವನ್ನೂ ಬಿಡಿಸಬೇಡಿ." ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಾಯಿತು. ಮುಂದೆ ಯಾವಾಗಲಾದರೂ ವಾಲಿಬಾಲ್ ಆಟಗಾರನೊಬ್ಬನಿಗೆ ಮೈಸೂರು ಪೇಟ ತೊಡಿಸಿ ಫೋಟೋ ತೆಗೆಸಿಕೊಳ್ಳುವ ದೊಡ್ಡವರು ಸಿಕ್ಕಿದರೆ, ದಯವಿಟ್ಟು ಆಕೆಯ ಪ್ರಶ್ನೆಯನ್ನು ನೀವಾದರೂ ಅವರಿಗೆ ಕೇಳಿ.